ಏಳನೇ ದಿನ ಕುಗ್ಗಿದ ಧಮನಿ: ಮಿದುಳಿನ ರಕ್ತನಾಳದ ಸೆಳೆತದಲ್ಲಿ ಒಳಪದರಕ್ಕೆ ಆಗುವುದೇನು? ಒಂದು ಪ್ರಕರಣ ಅಧ್ಯಯನ

47 ವರ್ಷದ ಮಹಿಳೆ. ಆರು ವರ್ಷದಿಂದ ಬಿ.ಪಿ. ಇದೆ, ಮಾತ್ರೆ ನುಂಗುವುದು ನೆನಪಾದಾಗ ಮಾತ್ರ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದೆ. ಬೆಳಗ್ಗೆ ಬಟ್ಟೆ ಒಗೆಯುತ್ತಿದ್ದಾಗ ಹಿಂದಲೆಯಲ್ಲಿ ಶುರುವಾದ ನೋವು ಅರೆ ನಿಮಿಷದೊಳಗೆ ತುದಿ ಮುಟ್ಟಿತು. ಎರಡು ಸಲ ವಾಂತಿಯಾಗಿ ಒಂದೆರಡು ನಿಮಿಷ ಎಚ್ಚರ ತಪ್ಪಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ನೋವಿನ ಇಂಜೆಕ್ಷನ್, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಮರುದಿನ ಕತ್ತು ಬಗ್ಗಿಸಲಾಗದೆ, ಮಂಪರು ಬಂದು, ಸಿ.ಟಿ. ಮಾಡಿಸಿದಾಗ ಮಿದುಳಿನ ತಳದ ಕೊಳಗಳಲ್ಲೂ ಎಡ ಸಿಲ್ವಿಯನ್ ಬಿರುಕಿನಲ್ಲೂ (ಮಿದುಳಿನ ಪಕ್ಕದ ಆಳವಾದ ಸೀಳು) ದಪ್ಪ ರಕ್ತ ಕಂಡಿತು; ಮಿದುಳಿನ ಹೊದಿಕೆಯಡಿ ರಕ್ತ ಸೋರಿತ್ತು. ಎರಡೂ ಪಾರ್ಶ್ವ ಕುಹರಗಳಲ್ಲಿ (ಮಿದುಳಿನೊಳಗಿನ ದ್ರವದ ಕೋಣೆಗಳು) ರಕ್ತದ ಮಟ್ಟ ನಿಂತಿತ್ತು. ಧಮನಿ ಬಿಗಿದು ಕಿರಿದಾಗುವ ಸೆಳೆತದ ಅಪಾಯವನ್ನು ಸಿ.ಟಿ.ಯ ರಕ್ತ ನೋಡಿ ಅಳೆಯುವ ಪರಿಷ್ಕೃತ ಫಿಶರ್ ಮಾಪಕದಲ್ಲಿ ಇದು 4, ಅಂದರೆ ಅತಿ ಹೆಚ್ಚು ಅಪಾಯದ ಮಟ್ಟ. ಎಚ್ಚರವನ್ನು 15ರವರೆಗೆ ಅಳೆಯುವ ಗ್ಲಾಸ್ಗೋ ಅಂಕ 14, ಕೈಕಾಲು ದೌರ್ಬಲ್ಯವಿಲ್ಲ. ಇವೆರಡರಿಂದ ತೀವ್ರತೆ ಹೇಳುವ ಡಬ್ಲ್ಯೂಎಫ್‌ಎನ್‌ಎಸ್ ಶ್ರೇಣಿ 2.

ಇದು ಬೋಧನೆಗಾಗಿ ಕಟ್ಟಿದ ಪ್ರಕರಣ. ಒಬ್ಬರ ಗುರುತು ಹಿಡಿಯಲಾಗದಂತೆ, ಇಂಥ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣುವುದನ್ನು ಒಂದೇ ಸಾಲಿನಲ್ಲಿ ಜೋಡಿಸಿದೆ. ದಿನಗಳನ್ನು ರಕ್ತ ಸೋರಿದ ದಿನ 0 ಎಂದು ಹಿಡಿದು ಎಣಿಸಿದೆ. ವಾರ್ಡಿನಲ್ಲೂ ಹೀಗೇ ಎಣಿಸಬೇಕು. ಆಸ್ಪತ್ರೆಗೆ ಸೇರಿದ ದಿನದಿಂದ ಎಣಿಸಿದರೆ, ಕ್ಲಿನಿಕ್ಕಿನಲ್ಲಿ ಒಂದು ದಿನ ಕಳೆದ ಇಂಥ ರೋಗಿಯಲ್ಲಿ ಸೆಳೆತದ ಕಾಲ ನಮ್ಮ ಲೆಕ್ಕಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ. ಅದು ಸಾಮಾನ್ಯವಾಗಿ 3 ಅಥವಾ 4ನೇ ದಿನ ಶುರುವಾಗಿ, 7ರಿಂದ 10ರ ನಡುವೆ ತುದಿಗೇರಿ, ಎರಡು ಮೂರು ವಾರದಲ್ಲಿ ಇಳಿಯುತ್ತದೆ.

2ನೇ ದಿನ ಡಿ.ಎಸ್.ಎ. (ಧಮನಿಗೆ ಬಣ್ಣದ್ರವ ಹಾಯಿಸಿ ತೆಗೆಯುವ ಎಕ್ಸ್-ರೇ ಚಿತ್ರ) ಮಾಡಿದಾಗ ಎಡ ಆಂತರಿಕ ಕೆರೋಟಿಡ್ ಧಮನಿಯಲ್ಲಿ, ಹಿಂಬದಿಯ ಸಂಪರ್ಕ ಧಮನಿ ಹೊರಡುವ ಕಡೆ, 6 ಮಿ.ಮೀ. ಅನ್ಯೂರಿಸಂ, ಅಂದರೆ ಧಮನಿ ಗೋಡೆಯ ಉಬ್ಬು, ಸಿಕ್ಕಿತು. ಅದೇ ಕೂರುವಿಕೆಯಲ್ಲಿ ಕಾಯಿಲ್ (ತೆಳು ಲೋಹದ ಸುರುಳಿ) ತುಂಬಿ ಮುಚ್ಚಲಾಯಿತು. ಎಡ ಮಧ್ಯ ಮಿದುಳು ಧಮನಿಯ ಮೊದಲ ತುಂಡು, ಅಂದರೆ ಎಂ1, ಆಗ 2.6 ಮಿ.ಮೀ. ಇತ್ತು. ಈ ಅಳತೆಯನ್ನು ಬರೆದಿಟ್ಟುಕೊಳ್ಳುವುದು ಮುಖ್ಯ, ಮುಂದಿನ ವಾರದ ಹೋಲಿಕೆಗೆಲ್ಲ ಇದೇ ಆಧಾರ. ಸಂಜೆ ಸೊಂಟದಲ್ಲಿ, ಮಿದುಳು ಬೆನ್ನುಹುರಿಗಳ ಸುತ್ತಲಿನ ದ್ರವವಾದ ಸಿಎಸ್‌ಎಫ್ ಡ್ರೈನ್ ಹಾಕಿ ಗಂಟೆಗೆ 5 ಮಿ.ಲೀ. ಹರಿಯಲು ಬಿಡಲಾಯಿತು. ಕ್ಯಾಲ್ಸಿಯಂ ತಡೆಯುವ ಔಷಧ ನಿಮೋಡಿಪಿನ್ 60 ಮಿ.ಗ್ರಾಂ, ಅಂದರೆ 30ರ ಎರಡು ಮಾತ್ರೆ, 4 ಗಂಟೆಗೊಮ್ಮೆ; ಒಟ್ಟು 21 ದಿನ.

ಹೆಪ್ಪು ಹೊರಗೆ, ಪದರ ಒಳಗೆ

ರಕ್ತ ಹೆಪ್ಪುಗಟ್ಟಿರುವುದು ಧಮನಿಯ ಹೊರಗೆ. ಎಂಡೋಥೀಲಿಯಂ ಎಂಬ ಒಂದೇ ಕೋಶದಷ್ಟು ದಪ್ಪದ ಒಳಪದರ ಇರುವುದು ಒಳಗೆ, ಹರಿಯುವ ರಕ್ತಕ್ಕೆ ತಾಗಿ. ಇವೆರಡರ ನಡುವೆ ಸ್ನಾಯುವಿನ ಗೋಡೆಯಿದೆ. ಹೊರಗಿನ ಹೆಪ್ಪು ಒಳಗಿನ ಪದರವನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಉತ್ತರ ಮಿದುಳಿನ ಧಮನಿಗಳ ರಚನೆಯಲ್ಲೇ ಇದೆ. ತೋಳು ತೊಡೆಯ ಧಮನಿಗಳಿಗಿರುವ ಹೊರ ಸ್ಥಿತಿಸ್ಥಾಪಕ ಹಾಳೆ ಇವಕ್ಕಿಲ್ಲ. ಹೊರಹೊದಿಕೆ ತೆಳು. ಗೋಡೆಗೆ ರಕ್ತ ಉಣಿಸುವ ಪುಟ್ಟ ನಾಳಗಳೂ ತಲೆಬುರುಡೆಯೊಳಗೆ ಬಹುಮಟ್ಟಿಗೆ ಇಲ್ಲ. ಗೋಡೆಯ ಹೊರಭಾಗ ತನ್ನ ಪೋಷಣೆಗೆ ಸುತ್ತಲಿನ ಸಿಎಸ್‌ಎಫ್ ಮೇಲೆಯೇ ನಿಂತಿದೆ. ಸಿಎಸ್‌ಎಫ್‌ನಲ್ಲಿ ಏನು ಕರಗಿದೆಯೋ ಅದು ಗೋಡೆಯೊಳಗೆ ಇಳಿಯುತ್ತದೆ.

ಹಾಗಾದರೆ ಮೊದಲ ದಿನವೇ ಸೆಳೆತ ಏಕೆ ಬರುವುದಿಲ್ಲ? ಕೆಂಪು ರಕ್ತಕಣದೊಳಗೆ ಬಂದಿಯಾಗಿರುವ ಹಿಮೋಗ್ಲೋಬಿನ್ ಅಷ್ಟು ಹಾನಿ ಮಾಡದು. ಕಣಗಳು ದೊಡ್ಡ ಸಂಖ್ಯೆಯಲ್ಲಿ ಒಡೆಯಲು ಎರಡು ಮೂರು ದಿನ ಬೇಕು. ಒಡೆದ ಮೇಲೆ ಆಕ್ಸಿಹಿಮೋಗ್ಲೋಬಿನ್ ಹೊರಬಂದು ಗೋಡೆಗೆ ಇಳಿಯುತ್ತದೆ. ಈ ರೋಗಿಯ ಡ್ರೈನ್ ಚೀಲದಲ್ಲೇ ಅದು ಕಂಡಿತು. 2ನೇ ದಿನದ ದ್ರವ ತೆಳು ಕೆಂಪಾಗಿತ್ತು, ನಿಲ್ಲಿಸಿಟ್ಟರೆ ಕಣಗಳು ತಳಕ್ಕೆ ಕೂತು ಮೇಲುಭಾಗದ ಬಣ್ಣ ಬಹಳ ತೆಳುವಾಗುತ್ತಿತ್ತು. 5ನೇ ದಿನದ ದ್ರವ ನಿಲ್ಲಿಸಿಟ್ಟರೂ ಮೇಲುಭಾಗ ಕಂದುಗೆಂಪಾಗಿಯೇ ಉಳಿಯಿತು. ಕಣಗಳು ಒಡೆದಿವೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಬೇಕಿಲ್ಲ.

ರಕ್ತದಲ್ಲಾದರೆ ಹೀಗೆ ಬಿಡುಗಡೆಯಾದ ಹಿಮೋಗ್ಲೋಬಿನನ್ನು ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನು ಹಿಡಿದು ಕಟ್ಟಿಹಾಕುತ್ತದೆ. ಸಿಎಸ್‌ಎಫ್‌ನಲ್ಲಿ ಅದು ಬಹಳ ಕಡಿಮೆ; ಇದ್ದದ್ದು ಬೇಗ ತೀರಿಹೋಗುತ್ತದೆ. ಭಾರತೀಯರಲ್ಲಿ, ದಕ್ಷಿಣದವರಲ್ಲೂ, ಬಹುಪಾಲು ಜನರಿಗೆ ಇರುವುದು ಹ್ಯಾಪ್ಟೋಗ್ಲೋಬಿನ್ 2-2 ಎಂಬ ಮಾದರಿ. ಇದರ ಅಣು ದೊಡ್ಡದು. ಈ ಮಾದರಿಯವರಲ್ಲಿ ಸೆಳೆತ ಹೆಚ್ಚೆಂದು ಕೆಲವು ಅಧ್ಯಯನಗಳು ಹೇಳಿವೆ, ಎಲ್ಲವೂ ಹೇಳಿಲ್ಲ. ಆದ್ದರಿಂದ ಇದನ್ನು ನೋಡಿ ಚಿಕಿತ್ಸೆ ಬದಲಿಸುವ ಕಾಲ ಬಂದಿಲ್ಲ. ಆದರೆ ನಮ್ಮ ರೋಗಿಗಳಲ್ಲೇ ಕೇಳಬೇಕಾದ ಪ್ರಶ್ನೆ ಇದು, ಬೇರೆ ದೇಶದವರು ನಮಗಾಗಿ ಉತ್ತರಿಸಲಾರರು.

3ರಿಂದ 6ನೇ ದಿನ: ವೇಗ ಏರಿತು, ಸೋಡಿಯಂ ಇಳಿಯಿತು

ದಿನಕ್ಕೊಮ್ಮೆ ಕಪಾಲದ ಮೂಲಕ ಡಾಪ್ಲರ್, ಅಂದರೆ ಶಬ್ದದ ಅಲೆಯಿಂದ ರಕ್ತದ ವೇಗ ಅಳೆಯುವ ಪರೀಕ್ಷೆ, ಮಾಡಲಾಯಿತು. ಎಡ ಮಧ್ಯ ಮಿದುಳು ಧಮನಿಯಲ್ಲಿ ರಕ್ತದ ಸರಾಸರಿ ವೇಗ 3ನೇ ದಿನ ಸೆಕೆಂಡಿಗೆ 78 ಸೆಂ.ಮೀ., 5ನೇ ದಿನ 118, 6ನೇ ದಿನ 168, 7ನೇ ದಿನ ಬೆಳಗ್ಗೆ 214. ವೇಗವೊಂದನ್ನೇ ನಂಬಬಾರದು. ಜ್ವರ, ರಕ್ತಹೀನತೆ, ಬಿ.ಪಿ. ಏರಿಸುವ ಔಷಧ ಇವೆಲ್ಲ ಒಟ್ಟು ಹರಿವನ್ನೇ ಹೆಚ್ಚಿಸಿ ಸುಳ್ಳು ಹೇಳಿಸುತ್ತವೆ. ಅದಕ್ಕಾಗಿ ಕತ್ತಿನಲ್ಲಿರುವ ಕೆರೋಟಿಡ್‌ನ ವೇಗದಿಂದ ಭಾಗಿಸುವ ಲಿಂಡೆಗಾರ್ಡ್ ಅನುಪಾತ ಬೇಕು. 3 ದಾಟಿದರೆ ಸೆಳೆತ, 6 ದಾಟಿದರೆ ತೀವ್ರ ಸೆಳೆತ. 7ನೇ ದಿನ ಎಡಗಡೆ ಕತ್ತಿನ ವೇಗ 33 ಇದ್ದುದರಿಂದ ಅನುಪಾತ 6.5. ಬಲಗಡೆ 96ಕ್ಕೆ 41, ಅಂದರೆ 2.3.

ಈ 214ರಲ್ಲೇ ಇಡೀ ಪ್ರಕರಣದ ತಿರುಳಿದೆ ಎಂದು ನಮ್ಮ ಅಭಿಪ್ರಾಯ. ಆರೋಗ್ಯವಾಗಿರುವ ಧಮನಿಯಲ್ಲಿ ರಕ್ತ ವೇಗವಾಗಿ ಉಜ್ಜಿಕೊಂಡು ಹೋದರೆ ಒಳಪದರ ಆ ಎಳೆತವನ್ನು ಗ್ರಹಿಸಿ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ಸ್ನಾಯು ಸಡಿಲವಾಗುತ್ತದೆ, ನಾಳ ಅಗಲವಾಗುತ್ತದೆ, ವೇಗ ತಾನಾಗಿ ಇಳಿಯುತ್ತದೆ. ಕಿರಿದಾದಷ್ಟೂ ಅಗಲವಾಗಿಸುವ ಒತ್ತಡ ಹೆಚ್ಚುತ್ತದೆ. ಇಷ್ಟು ಗಟ್ಟಿಯಾದ ತಿದ್ದುಪಡಿ ವ್ಯವಸ್ಥೆ ಇರುವಾಗ ಒಂದು ನಾಳ ದಿನಗಟ್ಟಲೆ 214ರಲ್ಲಿ ಕಿರಿದಾಗಿಯೇ ಇರುವುದು ಸಾಧ್ಯವಾಗಬಾರದು. ಸಾಧ್ಯವಾಗಿದೆ ಎಂದರೆ ಗ್ರಹಿಸುವ ಪದರವೇ ಸೋತಿದೆ. ಸೆಳೆತವನ್ನು ಸ್ನಾಯುವಿನ ರೋಗವೆಂದು ನೋಡುವ ರೂಢಿ ಬಲವಾಗಿದೆ. ಬಿಗಿಯುವುದು ಸ್ನಾಯುವೇ ನಿಜ, ಬಿಗಿದದ್ದನ್ನು ಬಿಡಿಸಬೇಕಾದವರು ಅಲ್ಲಿಲ್ಲ ಎಂಬುದೇ ರೋಗ.

6ನೇ ದಿನ ಮೂತ್ರ 4.5 ಲೀಟರ್ ಹೋಯಿತು, ಸೋಡಿಯಂ 139ರಿಂದ 131ಕ್ಕೆ ಇಳಿಯಿತು. ಇಲ್ಲಿ ಎಡವುವುದು ಸುಲಭ. ಸೋಡಿಯಂ ಕಡಿಮೆ ಎಂದೊಡನೆ ನೀರು ಕಡಿಮೆ ಮಾಡಿ ಎಂಬ ಸೂಚನೆ ಕೇಸ್‌ಶೀಟಿಗೆ ಬಂದುಬಿಡುತ್ತದೆ. ಈ ರೋಗದಲ್ಲಿ ಉಪ್ಪೂ ನೀರೂ ಒಟ್ಟಿಗೆ ಸೋರಿಹೋಗುವುದು ಸಾಮಾನ್ಯ. ನೀರು ಕಡಿತ ಮಾಡಿದರೆ ರಕ್ತದ ಪ್ರಮಾಣ ಕುಗ್ಗಿ, ಕಿರಿದಾದ ಧಮನಿಯಾಚೆ ಮಿದುಳು ಸಾಯುತ್ತದೆ. ಇಲ್ಲಿ ಹೋದಷ್ಟನ್ನು ನಾರ್ಮಲ್ ಸಲೈನಿನಿಂದ ತುಂಬಿ, 3 ಶೇಕಡಾ ಸಲೈನನ್ನು ನಿಧಾನವಾಗಿ ಹರಿಸಿ, ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಫ್ಲುಡ್ರೋಕಾರ್ಟಿಸೋನ್ ಸೇರಿಸಲಾಯಿತು. ಗುರಿ ರಕ್ತದ ಪ್ರಮಾಣ ಸಹಜವಾಗಿರುವುದು. ತುಂಬಿ ತುಳುಕಿಸುವುದು ಹಳೆಯ ಪದ್ಧತಿ. ಶ್ವಾಸಕೋಶಕ್ಕೆ ನೀರು ತುಂಬಿಸುವುದನ್ನು ಬಿಟ್ಟು ಅದರಿಂದ ಲಾಭ ಸಿಗಲಿಲ್ಲ.

ಒಳಪದರದಲ್ಲಿ ಈ ಹೊತ್ತಿಗೆ ನಡೆದಿರುವುದು

ಬದುಕಿರುವ ರೋಗಿಯ ಎಂ1 ಧಮನಿಯನ್ನು ಕತ್ತರಿಸಿ ನೋಡಲಾಗದು. ಮುಂದೆ ಹೇಳುವುದೆಲ್ಲ ಮರಣೋತ್ತರ ಪರೀಕ್ಷೆಗಳಿಂದ, ನಾಯಿ, ಮೊಲ, ಇಲಿ, ಕೋತಿಗಳ ಪ್ರಯೋಗಗಳಿಂದ, ಸಿಎಸ್‌ಎಫ್ ಮತ್ತು ರಕ್ತದ ಅಳತೆಗಳಿಂದ ಬಂದದ್ದು.

ಮೊದಲ ಹೊಡೆತ ರಾಸಾಯನಿಕ. ಒಳಪದರದ ಕೋಶ ಎಲ್-ಆರ್ಜಿನೈನ್‌ನಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅದು ಸ್ನಾಯುಕೋಶಕ್ಕೆ ದಾಟಿ ಸೈಕ್ಲಿಕ್ ಜಿಎಂಪಿ ಹೆಚ್ಚಿಸುತ್ತದೆ, ಕೋಶದೊಳಗಿನ ಕ್ಯಾಲ್ಸಿಯಂ ಇಳಿದು ಸ್ನಾಯು ಸಡಿಲವಾಗುತ್ತದೆ. ಒಳಪದರ ಕಿತ್ತ ನಾಳ ಅಸೆಟೈಲ್‌ಕೋಲಿನ್‌ಗೆ ಸಡಿಲವಾಗುವುದಿಲ್ಲ ಎಂದು 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿದ್ದೇ ಈ ತಿಳಿವಳಿಕೆಯ ಬುನಾದಿ. 1998ರ ನೊಬೆಲ್ ಅದಕ್ಕೆ ಸಂದಿತು. ಗೋಡೆಗೆ ಇಳಿದ ಆಕ್ಸಿಹಿಮೋಗ್ಲೋಬಿನ್ ಈ ಅನಿಲವನ್ನು ದಾರಿಯಲ್ಲೇ ಹಿಡಿದು ನೈಟ್ರೇಟ್ ಮಾಡಿಬಿಡುತ್ತದೆ, ತಾನು ಮೆಟ್‌ಹಿಮೋಗ್ಲೋಬಿನ್ ಆಗುತ್ತದೆ. ಒಳಪದರ ಇನ್ನೂ ಕೆಲಸ ಮಾಡುತ್ತಿದ್ದರೂ ಅದರ ಸಂದೇಶ ಸ್ನಾಯುವಿಗೆ ತಲುಪುವುದಿಲ್ಲ.

ಎರಡನೆಯದು ಉತ್ಪಾದನೆಯಲ್ಲೇ ಆಗುವ ಕೆಡುಕು. ಆಮ್ಲಜನಕದ ಆಕ್ರಮಣಕಾರಿ ರೂಪಗಳು ಟೆಟ್ರಾಹೈಡ್ರೋಬಯಾಪ್ಟೆರಿನ್ ಎಂಬ ಸಹಾಯಕ ಅಣುವನ್ನು ಹಾಳುಮಾಡುತ್ತವೆ. ಅದಿಲ್ಲದೆ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವೇ ಸೂಪರಾಕ್ಸೈಡ್ ಉಗುಳತೊಡಗುತ್ತದೆ. ಕಾಪಾಡಬೇಕಾದ ಯಂತ್ರ ಹಾನಿಗೆ ಇನ್ನಷ್ಟು ಸೇರಿಸುತ್ತದೆ. ಜೊತೆಗೆ ಅದೇ ಕಿಣ್ವವನ್ನು ತಡೆಯುವ ಎಡಿಎಂಎ ಎಂಬ ಅಣು ಸಿಎಸ್‌ಎಫ್‌ನಲ್ಲಿ ಸೆಳೆತದ ದಿನಗಳಲ್ಲೇ ಏರುವುದು ಕೋತಿಗಳಲ್ಲೂ ಮನುಷ್ಯರಲ್ಲೂ ಕಂಡಿದೆ.

ಮೂರನೆಯದು ಎಂಡೋಥೀಲಿನ್-1. 21 ಅಮೈನೋ ಆಮ್ಲಗಳ ಈ ಪೆಪ್ಟೈಡನ್ನು 1988ರಲ್ಲಿ ಜಪಾನಿನ ಯಾನಾಗಿಸಾವಾ ಮತ್ತು ಸಂಗಡಿಗರು ಗುರುತಿಸಿದರು. ಸ್ನಾಯುವಿನ ಎ ಗ್ರಾಹಿಗೆ ಅಂಟಿಕೊಂಡರೆ ಬಲವಾದ, ಬಹಳ ಹೊತ್ತು ಇಳಿಯದ ಬಿಗಿತ. ಒಳಪದರದ ಬಿ ಗ್ರಾಹಿಗೆ ಅಂಟಿಕೊಂಡರೆ ಅದು ನೈಟ್ರಿಕ್ ಆಕ್ಸೈಡನ್ನೇ ಬಿಡಿಸಿ ಸಮತೋಲ ಕಾಯುತ್ತದೆ. ಒಳಪದರ ಕೆಟ್ಟಾಗ ಎರಡನೆಯ ತಟ್ಟೆ ಖಾಲಿಯಾಗಿ, ಬಿಗಿತವೊಂದೇ ಉಳಿಯುತ್ತದೆ.

ಇಲ್ಲಿಯವರೆಗಿನದು ಬಹುಮಟ್ಟಿಗೆ ಹಿಂದಕ್ಕೆ ತರಬಹುದಾದದ್ದು. ರಚನೆಯ ಕೆಡುಕು ಹಾಗಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೊದಲು ಕಾಣುವುದು ಕೋಶಗಳ ಊತ, ಒಳಗೆ ಗುಳ್ಳೆಗಳು. ಕೋಶಗಳ ಮೇಲಿನ ಸಕ್ಕರೆ-ಪ್ರೋಟೀನಿನ ಮೇಲುಹೊದಿಕೆ, ಗ್ಲೈಕೋಕೇಲಿಕ್ಸ್, ಉದುರುತ್ತದೆ. ಅದರ ತುಂಡಾದ ಸಿಂಡಿಕ್ಯಾನ್-1 ರಕ್ತದಲ್ಲಿ ಏರುತ್ತದೆ. ಹರಿವಿನ ಎಳೆತವನ್ನು ಗ್ರಹಿಸುವುದು ಮುಖ್ಯವಾಗಿ ಈ ಹೊದಿಕೆಯೇ, ಮೇಲೆ ಹೇಳಿದ 214ರ ಒಗಟಿಗೆ ಒಂದು ಉತ್ತರ ಇಲ್ಲಿದೆ. ನಂತರ ಕೋಶ ಕೋಶಗಳ ನಡುವಿನ ಬಿಗಿ ಬೆಸುಗೆಗಳು ಬಿಡುತ್ತವೆ. ಮಿದುಳಿನ ನಾಳಗಳ ವಿಶೇಷವೇ ಈ ಬೆಸುಗೆ. ಅದು ಬಿಟ್ಟರೆ ರಕ್ತದ ಸಿರೋಟೋನಿನ್, ಥ್ರಾಂಬಿನ್‌ನಂಥ ಬಿಗಿಸುವ ವಸ್ತುಗಳು ನೇರ ಸ್ನಾಯುವಿಗೆ ಇಳಿಯುತ್ತವೆ. ಕೆಲವು ಕೋಶಗಳು ಯೋಜಿತ ಸಾವಿಗೆ ಜಾರಿ ದುಂಡಗಾಗಿ ಕಳಚಿ ಬೀಳುತ್ತವೆ. ನಾಯಿಗಳ ಧಮನಿಯಲ್ಲಿ ಈ ಸಾವಿಗೆ ಕಾರಣವಾಗುವ ಕ್ಯಾಸ್ಪೇಸ್ ಕಿಣ್ವಗಳನ್ನು ತಡೆದಾಗ ಸೆಳೆತವೂ ಕಡಿಮೆಯಾಯಿತು. ಒಳಪದರದ ಸಾವು ಸೆಳೆತದ ಫಲ ಮಾತ್ರವಲ್ಲ, ಕಾರಣವೂ ಹೌದೆಂದು ಹೇಳಲು ಈ ಪ್ರಯೋಗವೇ ಆಧಾರ.

ಉಳಿದ ಕೋಶಗಳೂ ಸ್ವಭಾವ ಬದಲಿಸುತ್ತವೆ. ಪಿ-ಸೆಲೆಕ್ಟಿನ್, ಇ-ಸೆಲೆಕ್ಟಿನ್, ಐಕ್ಯಾಮ್-1 ಎಂಬ ಅಂಟು ಅಣುಗಳನ್ನು ಮೇಲ್ಮೈಗೆ ತಂದು ಬಿಳಿರಕ್ತಕಣಗಳನ್ನು ಹಿಡಿಯುತ್ತವೆ. ಹೆಪ್ಪುಗಟ್ಟಲು ನೆರವಾಗುವ ವಾನ್ ವಿಲ್ಲಿಬ್ರಾಂಡ್ ಅಂಶ ಬಿಡುಗಡೆಯಾಗುತ್ತದೆ. ಕೋಶ ಕಳಚಿದ ಬೋಳುಜಾಗಕ್ಕೆ ಪ್ಲೇಟ್‌ಲೆಟ್‌ಗಳು ಅಂಟುತ್ತವೆ. ರಕ್ತ ಹೆಪ್ಪುಗಟ್ಟದಂತೆ ಕಾಯುತ್ತಿದ್ದ ಮೇಲ್ಮೈ ಈಗ ಹೆಪ್ಪುಗಟ್ಟಿಸುವ ಮೇಲ್ಮೈ.

ಪದರದ ಕೆಳಗಿರುವ ಸ್ಥಿತಿಸ್ಥಾಪಕ ಹಾಳೆ ಸೀರೆಯ ನೆರಿಗೆಯಂತೆ ಆಳವಾಗಿ ಮಡಚಿಕೊಳ್ಳುತ್ತದೆ, ಊದಿದ ಕೋಶಗಳು ನೆರಿಗೆಯ ತುದಿಗಳಿಂದ ನಾಳದೊಳಕ್ಕೆ ಚಾಚುತ್ತವೆ. ಈ ಚಿತ್ರವನ್ನು ಓದುವಾಗ ಒಂದು ಎಚ್ಚರ ಬೇಕು. ಒತ್ತಡವಿಲ್ಲದೆ ಸುಮ್ಮನೆ ದ್ರಾವಣದಲ್ಲಿ ಅದ್ದಿ ಕಾಪಿಟ್ಟ ಆರೋಗ್ಯವಂತ ಧಮನಿಯೂ ಹೀಗೇ ನೆರಿಗೆಗಟ್ಟುತ್ತದೆ. ಆದ್ದರಿಂದ ಪ್ರಯೋಗಾಲಯದಲ್ಲಿ ಪ್ರಾಣಿಯ ಸಹಜ ಬಿ.ಪಿ.ಗೆ ಸಮನಾದ ಒತ್ತಡದಲ್ಲಿ, ಹೃದಯದ ಮೂಲಕ ಗ್ಲುಟರಾಲ್ಡಿಹೈಡ್ ಹರಿಸಿ ಗಟ್ಟಿಮಾಡಬೇಕು. ಹಾಗೆ ಮಾಡದ ವರದಿಗಳ ನೆರಿಗೆ, ಗೋಡೆಯ ದಪ್ಪ, ಕಳಚಿದ ಕೋಶಗಳ ಎಣಿಕೆ ಮೂರನ್ನೂ ಅನುಮಾನದಿಂದಲೇ ನೋಡಬೇಕು. ಮರಣೋತ್ತರ ಮಾದರಿಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಸತ್ತು ಕೆಲವು ಗಂಟೆಗಳಲ್ಲೇ ಒಳಪದರ ತಾನಾಗಿ ಉದುರತೊಡಗುತ್ತದೆ.

ಎರಡನೇ ವಾರದ ನಂತರ ಸ್ನಾಯುಕೋಶಗಳು ಹಾಳೆಯ ಕಿಂಡಿಗಳ ಮೂಲಕ ಒಳಕ್ಕೆ ವಲಸೆ ಬಂದು ಬೆಳೆಯುತ್ತವೆ, ಕೊಲಾಜನ್ ತುಂಬುತ್ತದೆ. ಆಗ ನಾಳ ಕಿರಿದಾಗಿರುವುದು ಬಿಗಿತದಿಂದಷ್ಟೇ ಅಲ್ಲ, ಗೋಡೆ ದಪ್ಪಗಾದದ್ದರಿಂದಲೂ. ಸಡಿಲಿಸುವ ಔಷಧಕ್ಕೆ ಅಲ್ಲಿ ಕೆಲಸ ಕಡಿಮೆ.

7ನೇ ದಿನ

ಬೆಳಗ್ಗೆ ಆರಕ್ಕೆ ನರ್ಸ್ ಗಮನಿಸಿದ್ದು: ಕೇಳಿದ್ದಕ್ಕೆ ಉತ್ತರ ತಡವಾಗುತ್ತಿದೆ, ಪೆನ್ನು ತೋರಿಸಿದರೆ ಹೆಸರು ಬರುತ್ತಿಲ್ಲ, ಎತ್ತಿ ಹಿಡಿದ ಬಲಗೈ ಇಳಿಯುತ್ತಿದೆ. ಗ್ಲಾಸ್ಗೋ ಅಂಕ 12. ಎರಡು ಅಂಕ ಇಳಿದು ಅಥವಾ ಹೊಸ ದೌರ್ಬಲ್ಯ ಬಂದು ಕನಿಷ್ಠ ಒಂದು ಗಂಟೆ ಉಳಿದರೆ, ಬೇರೆ ಕಾರಣ ಸಿಗದಿದ್ದರೆ, ಅದು ತಡವಾದ ಮಿದುಳಿನ ರಕ್ತಕೊರತೆ. ಬೇರೆ ಕಾರಣಗಳನ್ನು ಹುಡುಕುವುದು ಮಾತ್ರ ಆ ಒಂದು ಗಂಟೆ ಮುಗಿಯಲೆಂದು ಕಾಯಬಾರದು. ಸಕ್ಕರೆ ಸರಿಯಿತ್ತು, ಜ್ವರವಿರಲಿಲ್ಲ, ಸೋಡಿಯಂ 134. ಸಿ.ಟಿ.ಯಲ್ಲಿ ಮತ್ತೆ ರಕ್ತ ಸೋರಿರಲಿಲ್ಲ, ಕುಹರಗಳು ಹಿಗ್ಗಿರಲಿಲ್ಲ, ಇಇಜಿಯಲ್ಲಿ ಫಿಟ್ಸ್ ಇರಲಿಲ್ಲ.

ಡ್ರಗ್ ಚಾರ್ಟ್ ನೋಡಿದಾಗ ರಾತ್ರಿ ಎರಡು ಗಂಟೆಯ ನಿಮೋಡಿಪಿನ್ ಬಿಟ್ಟುಹೋಗಿತ್ತು, ಮೇಲಿನ ಬಿ.ಪಿ. 98 ಎಂಬ ಕಾರಣಕ್ಕೆ. ಸೆಳೆತದ ಕಾಲದಲ್ಲಿ ಬಿ.ಪಿ. 98ಕ್ಕೆ ಬಿಡುವುದೂ ತಪ್ಪು, ಮಾತ್ರೆ ಬಿಡುವುದೂ ತಪ್ಪು. ಮಾಡಬೇಕಾದದ್ದು 60ರ ಬದಲು 30 ಮಿ.ಗ್ರಾಂ ಅನ್ನು 2 ಗಂಟೆಗೊಮ್ಮೆ ಕೊಟ್ಟು, ಬೇಕಾದರೆ ಬಿ.ಪಿ. ಏರಿಸುವ ನಾರ್‌ಅಡ್ರಿನಲಿನ್ ಆಸರೆ ಕೊಡುವುದು. ನುಂಗಲಾಗದವರಿಗೆ ಮಾತ್ರೆ ಪುಡಿಮಾಡಿ ಮೂಗಿನಿಂದ ಹೊಟ್ಟೆಗೆ ಇಳಿಯುವ ರೈಲ್ಸ್ ಟ್ಯೂಬಿನಲ್ಲಿ ಹಾಕುವಾಗ ಪುಡಿ ಕೊಳವೆಯಲ್ಲೇ ಉಳಿಯದಂತೆ ನೀರು ಹಾಯಿಸಬೇಕು. ಬಾಯಿಗೆ ಕೊಡುವ ನಿಮೋಡಿಪಿನ್ ದ್ರವವನ್ನು ಯಾವ ಕಾರಣಕ್ಕೂ ರಕ್ತನಾಳಕ್ಕೆ ಚುಚ್ಚಬಾರದು, ಅದರಿಂದ ಸಾವುಗಳಾಗಿವೆ. ರಕ್ತನಾಳಕ್ಕೆಂದೇ ಬರುವ ಬಾಟಲಿಯನ್ನು ಹರಿಸುವಾಗ ಬೆಳಕು ತಾಗದಂತೆ ಮುಚ್ಚಬೇಕು, ಪಿವಿಸಿ ಕೊಳವೆ ಬೇಡ. ಔಷಧ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ರೋಗಿಗೆ ತಲುಪುವುದು ಕಡಿಮೆಯಾಗುತ್ತದೆ. ಪಾಲಿಇಥಿಲೀನ್ ಕೊಳವೆ ಬಳಸಬೇಕು.

ಅನ್ಯೂರಿಸಂ ಮುಚ್ಚಿದ್ದರಿಂದ ಬಿ.ಪಿ. ಏರಿಸಲು ಅಡ್ಡಿಯಿರಲಿಲ್ಲ. ಇಸಿಜಿ, ಎಕೋ ನೋಡಿ ನಾರ್‌ಅಡ್ರಿನಲಿನ್‌ನಿಂದ ಮೇಲಿನ ಬಿ.ಪಿ.ಯನ್ನು ಹಂತ ಹಂತವಾಗಿ 180ಕ್ಕೆ ತರಲಾಯಿತು. ಮುಕ್ಕಾಲು ಗಂಟೆಯಲ್ಲಿ ಬಲಗೈ ಸುಧಾರಿಸಿತು, ಮಾತು ಸುಧಾರಿಸಲಿಲ್ಲ. ಬಿ.ಪಿ. ಏರಿಸುವುದಕ್ಕೆ ಪ್ರಯೋಗದ ಪುರಾವೆ ದುರ್ಬಲವೆಂಬುದನ್ನು ಹೇಳಲೇಬೇಕು. ಅದನ್ನು ಪರೀಕ್ಷಿಸಿದ ಹಿಮಾಲಯಾ ಎಂಬ ಯಾದೃಚ್ಛಿಕ ಪ್ರಯೋಗ ಸಾಕಷ್ಟು ರೋಗಿಗಳು ಸಿಗದೆ ನಡುವೆಯೇ ನಿಂತಿತು, ಲಾಭ ತೋರಿಸಲಿಲ್ಲ. ಆದರೂ ಹಾಸಿಗೆಯ ಬಳಿ ನಿಂತಾಗ ಕಣ್ಣೆದುರೇ ಕೈ ಏಳುವುದನ್ನು ಕಂಡರೆ ಮುಂದುವರಿಸುವುದು, ಏಳದಿದ್ದರೆ ಅಲ್ಲಿಗೇ ಅಂಟಿಕೊಳ್ಳದೆ ಕ್ಯಾಥ್‌ಲ್ಯಾಬಿಗೆ ಸಾಗುವುದು ಸರಿಯಾದ ಕ್ರಮ.

ಡಿ.ಎಸ್.ಎ.ಯಲ್ಲಿ ಎಡ ಎಂ1 0.9 ಮಿ.ಮೀ. ಇತ್ತು. ವ್ಯಾಸ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿದರೆ, ತ್ರಿಜ್ಯದ ನಾಲ್ಕನೇ ಘಾತದ ನಿಯಮದಂತೆ ಆ ತುಂಡಿನ ಅಡ್ಡಿ ಸುಮಾರು 70 ಪಟ್ಟು. ಹರಿವು ಅಷ್ಟು ಪಟ್ಟು ಇಳಿಯುವುದಿಲ್ಲ. ಸಹಜ ಸ್ಥಿತಿಯಲ್ಲಿ ಅಡ್ಡಿಯ ದೊಡ್ಡ ಪಾಲು ಮುಂದಿನ ಕಿರುಧಮನಿಗಳಲ್ಲಿದೆ, ಅವು ಹಿಗ್ಗಿ ಸರಿದೂಗಿಸುತ್ತವೆ. ಆದರೆ ಆ ಕಿರುಧಮನಿಗಳ ಒಳಪದರವೂ ಕೆಟ್ಟಿದ್ದರೆ ಸರಿದೂಗಿಸುವವರು ಯಾರು? ಒಂದೇ ಅಳತೆಯ ಸೆಳೆತವಿರುವ ಇಬ್ಬರಲ್ಲಿ ಒಬ್ಬರು ನಡೆದಾಡುತ್ತಾ, ಇನ್ನೊಬ್ಬರು ಮಾತು ಕಳೆದುಕೊಂಡು ಇರುವುದಕ್ಕೆ ಇದೂ ಒಂದು ಕಾರಣ.

ಕ್ಯಾಲ್ಸಿಯಂ ತಡೆದು ನಾಳ ಸಡಿಲಿಸುವ ವೆರಾಪಮಿಲ್ 10 ಮಿ.ಗ್ರಾಂ ಅನ್ನು ಸಲೈನಿನಲ್ಲಿ ತೆಳುಮಾಡಿ, ಎಡ ಕೆರೋಟಿಡ್‌ನೊಳಗೆ ನಿಮಿಷಕ್ಕೆ 1 ಮಿ.ಗ್ರಾಂನಂತೆ ಕೊಟ್ಟಾಗ ಎಂ1 1.7ಕ್ಕೆ ತೆರೆಯಿತು. ಬೇಗ ಚುಚ್ಚಿದರೆ ಬಿ.ಪಿ. ಕುಸಿಯುತ್ತದೆ, ತಲೆಯೊಳಗಿನ ಒತ್ತಡ ಏರುತ್ತದೆ. ಸಂಜೆಗೆ ಎರಡು ಮೂರು ಪದಗಳ ವಾಕ್ಯ ಬಂತು.

8ನೇ ದಿನ ಬೆಳಗ್ಗೆ ಮಾತು ಮತ್ತೆ ನಿಂತಿತು, ಎಂ1 1.0. ಇದು ನಿರೀಕ್ಷಿತವೇ. ಕ್ಯಾಲ್ಸಿಯಂ ತಡೆಯುವ ಔಷಧ ಕೆಲವು ಗಂಟೆ ಮಾತ್ರ ಕೆಲಸ ಮಾಡುತ್ತದೆ, ಔಷಧ ತೊಳೆದುಹೋದ ಮೇಲೆ ನಾಳವನ್ನು ತೆರೆದು ಹಿಡಿಯುವ ಒಳಪದರ ಅಲ್ಲಿಲ್ಲ. ಇನ್ನೊಂದು ಕಾರಣವೂ ಉಂಟು: ನೈಟ್ರಿಕ್ ಆಕ್ಸೈಡ್ ತಪ್ಪಿದ ಸ್ನಾಯುವಿನಲ್ಲಿ ರೋ-ಕೈನೇಸ್ ಎಂಬ ಕಿಣ್ವ ಚುರುಕಾಗಿ, ಕಡಿಮೆ ಕ್ಯಾಲ್ಸಿಯಂನಲ್ಲೂ ಬಿಗಿತ ಉಳಿಸುತ್ತದೆ. ಜಪಾನಿನಲ್ಲಿ 1995ರಲ್ಲಿ ಒಪ್ಪಿಗೆ ಪಡೆದ ಫಾಸುಡಿಲ್ ತಡೆಯುವುದು ಇದನ್ನೇ.

ಈ ಸಲ ಬಲೂನ್. ಮೆತ್ತನೆಯ ಬಲೂನನ್ನು ಸಹಜ ವ್ಯಾಸಕ್ಕಿಂತ ಸ್ವಲ್ಪ ಕಡಿಮೆಯೇ ಇರುವಂತೆ, ಕಡಿಮೆ ಒತ್ತಡದಲ್ಲಿ, ಕೆಲವೇ ಸೆಕೆಂಡು ಉಬ್ಬಿಸಿ ಇಳಿಸುತ್ತಾ ಕೆರೋಟಿಡ್ ತುದಿ ಮತ್ತು ಎಂ1 ಹಿಗ್ಗಿಸಲಾಯಿತು. ಮುಂಭಾಗದ ಧಮನಿಯ ಎ1 ತುಂಡು ಸಣ್ಣದು, ತಿರುವು ಚೂಪು. ಅದಕ್ಕೆ ಬಲೂನ್ ಬೇಡವೆಂದು ಔಷಧವನ್ನಷ್ಟೇ ಕೊಡಲಾಯಿತು. ಹಿಗ್ಗಿಸುವ ಮುನ್ನ ಹಳೆಯ ಚಿತ್ರದೊಂದಿಗೆ ಹೋಲಿಸಲೇಬೇಕು. ಹುಟ್ಟಿನಿಂದಲೇ ಕಿರಿದಾದ ಎ1 ಅನ್ನು ಸೆಳೆತವೆಂದು ತಿಳಿದು ಉಬ್ಬಿಸಿದರೆ ಧಮನಿ ಸೀಳಿಹೋಗುತ್ತದೆ, ಅಲ್ಲಿಗೆ ಮುಗಿಯಿತು.

ಮಿದುಳಿನ ಸೆಳೆತಕ್ಕೆ ಬಲೂನ್ ಬಳಕೆಯನ್ನು 1984ರಲ್ಲಿ ಲೆನಿನ್‌ಗ್ರಾಡಿನ ಯೂರಿ ಜುಬ್ಕೋವ್ ವರದಿ ಮಾಡಿದರು. ಬಲೂನ್ ಹಿಗ್ಗಿಸಿದ ತುಂಡು ಮತ್ತೆ ಬಿಗಿಯುವುದು ಅಪರೂಪ, ಈ ರೋಗಿಯಲ್ಲೂ ಎಂ1 2.3ರಲ್ಲಿ ನಿಂತಿತು. ಆದರೆ ಅದು ಒಳಪದರವನ್ನು ಸರಿಪಡಿಸಿದ್ದಲ್ಲ. ಬಲೂನು ಸ್ನಾಯುಕೋಶಗಳನ್ನು ಹಿಚುಕಿ, ನಡುವಿನ ಕೊಲಾಜನ್ ಎಳೆಗಳನ್ನು ಹರಿದು, ಗೋಡೆ ಬಿಗಿಯುವ ಶಕ್ತಿಯನ್ನೇ ಕೆಲಕಾಲ ಕಸಿದುಕೊಳ್ಳುತ್ತದೆ. ಉಳಿದಿದ್ದ ಒಳಪದರವನ್ನೂ ಆ ಜಾಗದಲ್ಲಿ ಕಿತ್ತುಹಾಕುತ್ತದೆ. ಪಕ್ಕದ ಕೋಶಗಳು ಹರಡಿ ಬೋಳುಜಾಗ ಮುಚ್ಚುವವರೆಗೆ ಅಲ್ಲಿ ಹೆಪ್ಪುಗಟ್ಟುವ ಅಪಾಯವಿದೆ. ಅದಕ್ಕೇ ಹೆಪಾರಿನ್ ಕೊಟ್ಟೇ ಬಲೂನ್ ಸಾಗಿಸುವುದು.

11ನೇ ದಿನದ ಎಂ.ಆರ್.ಐ.

ಎಡ ಹಣೆಭಾಗದ ತೊಗಟೆಯಲ್ಲಿ (ಮಿದುಳಿನ ಹೊರಪದರ), ಮಾತಿನ ಕೇಂದ್ರದ ಅಂಚಿಗೆ, ಒಂದು ಸಣ್ಣ ಸತ್ತ ಭಾಗ ಕಂಡಿತು. ಅದು ಅರ್ಥವಾಗುವಂಥದ್ದು. ಬಲಗಡೆಯ ತೊಗಟೆಯಲ್ಲೂ ನಾಲ್ಕು ಚುಕ್ಕೆಗಳಿದ್ದವು. ಬಲ ಧಮನಿಗಳು ಡಿ.ಎಸ್.ಎ.ಯಲ್ಲಿ ಎರಡು ಸಲವೂ ಸಹಜವಾಗಿದ್ದವು, ಡಾಪ್ಲರ್ ಅನುಪಾತವೂ 3 ಮುಟ್ಟಿರಲಿಲ್ಲ.

ದೊಡ್ಡ ಧಮನಿಯ ಚಿತ್ರದಲ್ಲಿ ಕಾಣದ ರೋಗ ಇದು. ತೊಗಟೆಯ ಕಿರುಧಮನಿಗಳಲ್ಲಿ ಒಳಪದರ ಕೆಟ್ಟು ಪ್ಲೇಟ್‌ಲೆಟ್ ಹೆಪ್ಪುಗಳು ಕೂರುತ್ತವೆ. ಈ ರೋಗದಿಂದ ಸತ್ತವರ ಮಿದುಳಿನಲ್ಲಿ ಇವನ್ನು ಕಂಡಿದ್ದಾರೆ. ಜೊತೆಗೆ ತೊಗಟೆಯಲ್ಲಿ ವಿದ್ಯುತ್ ಅಲೆಯೊಂದು ನಿಧಾನವಾಗಿ ಹರಡಿದಾಗ, ಆರೋಗ್ಯವಂತ ಕಿರುಧಮನಿ ಹಿಗ್ಗಿ ಹೆಚ್ಚು ರಕ್ತ ಕೊಡುತ್ತದೆ. ನೈಟ್ರಿಕ್ ಆಕ್ಸೈಡ್ ಇಲ್ಲದ ಕಿರುಧಮನಿ ಅದೇ ಅಲೆಗೆ ಬಿಗಿದುಕೊಂಡು, ಬೇಕಾದ ಹೊತ್ತಿನಲ್ಲೇ ರಕ್ತ ನಿಲ್ಲಿಸುತ್ತದೆ.

ಔಷಧಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಎಂಡೋಥೀಲಿನ್‌ನ ಎ ಗ್ರಾಹಿಯನ್ನು ಮುಚ್ಚುವ ಕ್ಲಾಝೋಸೆಂಟಾನ್ 2008ರ ಪ್ರಯೋಗದಲ್ಲಿ ಚಿತ್ರದಲ್ಲಿ ಕಾಣುವ ಸೆಳೆತವನ್ನು ಗಂಟೆಗೆ 15 ಮಿ.ಗ್ರಾಂ ಪ್ರಮಾಣದಲ್ಲಿ ಶೇಕಡಾ 66ರಿಂದ 23ಕ್ಕೆ ಇಳಿಸಿತು. 2011ರ ದೊಡ್ಡ ಪ್ರಯೋಗದಲ್ಲಿ ರೋಗಿಗಳ ಬದುಕು ಉತ್ತಮವಾಗಲಿಲ್ಲ. ಶ್ವಾಸಕೋಶದ ತೊಂದರೆ, ಬಿ.ಪಿ. ಕುಸಿತ, ರಕ್ತಹೀನತೆ ಹೆಚ್ಚಿದವು. ಜಪಾನ್ ತನ್ನಲ್ಲಿನ ಪ್ರಯೋಗಗಳ ಮೇಲೆ 2022ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಇನ್ನೊಂದೆಡೆ ನಿಮೋಡಿಪಿನ್: 1989ರ ಬ್ರಿಟಿಷ್ ಪ್ರಯೋಗದಲ್ಲಿ, 554 ರೋಗಿಗಳಲ್ಲಿ, ಮಿದುಳು ಸಾಯುವುದು ಶೇಕಡಾ 33ರಿಂದ 22ಕ್ಕೆ ಇಳಿಯಿತು. ಆದರೆ ಚಿತ್ರದಲ್ಲಿ ನಾಳದ ಅಗಲವನ್ನು ಅದು ಹೇಳಿಕೊಳ್ಳುವಷ್ಟು ಬದಲಿಸುವುದಿಲ್ಲ. ಒಂದು ಔಷಧ ನಾಳವನ್ನು ತೆರೆಯಿತು, ಬದುಕನ್ನು ಬದಲಿಸಲಿಲ್ಲ. ಇನ್ನೊಂದು ಬದುಕನ್ನು ಬದಲಿಸಿತು, ನಾಳವನ್ನು ತೆರೆಯಲಿಲ್ಲ. ನಿಮೋಡಿಪಿನ್ ಕಿರುನಾಳಗಳಲ್ಲಿ ಹೆಪ್ಪು ಕರಗುವುದನ್ನು ಹೆಚ್ಚಿಸುತ್ತದೆ, ನರಕೋಶಗಳನ್ನು ಕಾಯುತ್ತದೆ ಎಂಬ ವಿವರಣೆಯೇ ಇಲ್ಲಿ ಒಪ್ಪುವಂಥದ್ದು. ಅದಕ್ಕಾಗಿಯೇ ಡಾಪ್ಲರ್ ಸಹಜವಾಗಿದೆ ಎಂದು ನಿಮೋಡಿಪಿನನ್ನು 21 ದಿನಕ್ಕೆ ಮುಂಚೆ ನಿಲ್ಲಿಸಬಾರದು.

ಒಳಪದರವನ್ನೇ ಗುರಿಯಾಗಿಸಿಕೊಂಡ ಸಿಂವಾಸ್ಟಾಟಿನ್ 2014ರ ಪ್ರಯೋಗದಲ್ಲಿ 803 ರೋಗಿಗಳಿಗೆ ಲಾಭ ತರಲಿಲ್ಲ, ಮ್ಯಾಗ್ನೀಸಿಯಂ 2012ರಲ್ಲಿ ಸೋತಿತು. ಹಿಮೋಗ್ಲೋಬಿನ್ ಗೋಡೆಗೆ ಇಳಿಯುವ ಮೊದಲೇ ರಕ್ತ ಹೊರತೆಗೆಯುವ ದಾರಿ ಹೆಚ್ಚು ಭರವಸೆಯದು. 2023ರಲ್ಲಿ ಪ್ರಕಟವಾದ ಅರ್ಲಿಡ್ರೈನ್ ಪ್ರಯೋಗದಲ್ಲಿ 287 ರೋಗಿಗಳಿದ್ದರು. ಬೇಗನೆ ಸೊಂಟದ ಡ್ರೈನ್ ಹಾಕಿ ಗಂಟೆಗೆ 5 ಮಿ.ಲೀ. ತೆಗೆದವರಲ್ಲಿ ಆರು ತಿಂಗಳ ಕೆಟ್ಟ ಫಲಿತಾಂಶ ಶೇಕಡಾ 32.6, ಉಳಿದವರಲ್ಲಿ 44.8. ಔಷಧವಲ್ಲ, ದುಬಾರಿ ಯಂತ್ರವಲ್ಲ. ಜಿಲ್ಲಾ ಮಟ್ಟದ ನರಶಸ್ತ್ರಚಿಕಿತ್ಸಾ ಘಟಕದಲ್ಲೂ ಆಗುವ ಕೆಲಸ. ಎರಡು ಷರತ್ತು: ಅನ್ಯೂರಿಸಂ ಮೊದಲು ಮುಚ್ಚಿರಬೇಕು, ಸಿ.ಟಿ.ಯಲ್ಲಿ ಮಿದುಳನ್ನು ಒತ್ತುವ ದೊಡ್ಡ ಹೆಪ್ಪಾಗಲಿ ಸಿಎಸ್‌ಎಫ್ ದಾರಿ ಕಟ್ಟಿದ್ದಾಗಲಿ ಇರಬಾರದು. ಎತ್ತರ ತಪ್ಪಿ ಇಟ್ಟ ಚೀಲ ಗಂಟೆಗೆ 5ರ ಬದಲು 30 ಮಿ.ಲೀ. ಎಳೆದುಬಿಡಬಲ್ಲದು. ರೋಗಿಯನ್ನು ಹೊರಳಿಸುವಾಗ, ಎಬ್ಬಿಸಿ ಕೂರಿಸುವಾಗ ಮೊದಲು ಕೀಲಿ ಮುಚ್ಚಿ, ಮಟ್ಟ ಸರಿಮಾಡಿ, ಆಮೇಲೆ ತೆರೆಯಬೇಕು.

ಮುಂದಿನ ದಿನಗಳು

9ನೇ ದಿನದಿಂದ ಡಾಪ್ಲರ್ ವೇಗ ಇಳಿಯತೊಡಗಿ 13ಕ್ಕೆ 110 ಆಯಿತು. ಬಿ.ಪಿ.ಯ ಆಸರೆಯನ್ನು ದಿನಕ್ಕೆ 10ರಿಂದ 20 ಅಂಶದಷ್ಟು ಇಳಿಸುತ್ತಾ, ಪ್ರತಿ ಹಂತದಲ್ಲೂ ಮಾತು ಮತ್ತು ಕೈ ಪರೀಕ್ಷಿಸಿ, 14ನೇ ದಿನ ನಿಲ್ಲಿಸಲಾಯಿತು. ಡ್ರೈನನ್ನು 9ನೇ ದಿನ ದ್ರವ ತಿಳಿಹಳದಿಯಾದ ಮೇಲೆ ಮುಚ್ಚಿ, ಒಂದು ದಿನ ಕಾದು ತೆಗೆಯಲಾಯಿತು. 21ನೇ ದಿನ ನಿಮೋಡಿಪಿನ್ ಮುಗಿಯಿತು.

ಮೂರು ತಿಂಗಳಲ್ಲಿ ಮನೆಯ ಕೆಲಸವೆಲ್ಲ ತಾವೇ ಮಾಡಿಕೊಳ್ಳುತ್ತಿದ್ದರು, ಆದರೆ ಮಾತಿನ ನಡುವೆ ಪದ ಹುಡುಕುವ ತಡೆ ಉಳಿದಿತ್ತು, ಅಂಗಡಿಯ ಚಿಲ್ಲರೆ ಲೆಕ್ಕ ಕಷ್ಟವಾಗಿತ್ತು. ರ‍್ಯಾಂಕಿನ್ ಅಂಕ 2, ಅಂದರೆ ಸ್ವಲ್ಪ ಕೊರತೆಯಿದ್ದರೂ ಸ್ವಾವಲಂಬಿ. ಆರು ತಿಂಗಳ ಡಿ.ಎಸ್.ಎ.ಯಲ್ಲಿ ಕಾಯಿಲ್ ಗಟ್ಟಿಯಾಗಿ ಕೂತಿತ್ತು, ಎಂ1 2.4 ಮಿ.ಮೀ., ಬಲೂನ್ ಹಿಗ್ಗಿಸಿದ ಜಾಗದಲ್ಲಿ ಅಂಚು ಸ್ವಲ್ಪ ಒರಟು. ಅಮ್ಲೋಡಿಪಿನ್ ದಿನವೂ ತಪ್ಪದೆ, ಹೊಗೆಸೊಪ್ಪು ಪೂರ್ತಿ ಬಂದ್, ವಾರಕ್ಕೆರಡು ಸಲ ಮಾತಿನ ಚಿಕಿತ್ಸೆ. ರೋಗಿಯ ತಾಯಿಯೂ ಹಠಾತ್ ತಲೆನೋವು ಬಂದು ತೀರಿಕೊಂಡವರು ಎಂದು ಆಗ ತಿಳಿದುದರಿಂದ, ಅಕ್ಕ ತಮ್ಮಂದಿರಿಗೆ ಮಿದುಳಿನ ಧಮನಿಗಳ ಎಂ.ಆರ್. ಆಂಜಿಯೋಗ್ರಾಂ ಬರೆದುಕೊಡಲಾಗಿದೆ.